ಒಳಗೊಂದು ಅಳತೆ, ಹೊರಗೊಂದು ಅಳತೆ: ಚಲನಚಿತ್ರದ ವ್ಯೋಮನೌಕೆಗಳಲ್ಲಿ ಸಾತತ್ಯದೋಷ

ತರಗತಿ: 8ರಿಂದ 10. ಅವಧಿ: ಎರಡು ಪಾಠಾವಧಿಗಳು. ಬೇಕಾದ ಸಾಮಗ್ರಿ: ಕಪ್ಪುಹಲಗೆ, ಅಳತೆಪಟ್ಟಿ, ಕೋನಮಾಪಕ, ದಪ್ಪ ಕಾಗದದ ಒಂದು ವೃತ್ತ, ಒಂದು ಸಣ್ಣ ಕನ್ನಡಿ. ಚಲನಚಿತ್ರವನ್ನು ತೋರಿಸಲೇಬೇಕೆಂಬ ನಿಯಮವಿಲ್ಲ; ಹಲಗೆಯ ಮೇಲಿನ ರೇಖಾಚಿತ್ರವೇ ಸಾಕು.

ಒಂದು ದೃಶ್ಯದಲ್ಲಿ ಪಾತ್ರಧಾರಿಯ ಎಡಗೈಯಲ್ಲಿದ್ದ ಲೋಟ ಮರುಕ್ಷಣದ ದೃಶ್ಯದಲ್ಲಿ ಬಲಗೈಗೆ ಬಂದಿದ್ದರೆ ಅದನ್ನು ಸಾತತ್ಯದೋಷವೆನ್ನುತ್ತೇವೆ. ಚಿತ್ರರಂಗದವರು ಇದನ್ನು 'ಕಂಟಿನ್ಯುಯಿಟಿ ತಪ್ಪು' ಎಂದು ಕರೆಯುವುದು ವಿದ್ಯಾರ್ಥಿಗಳಿಗೂ ಗೊತ್ತಿರುತ್ತದೆ. ಲೋಟದ ತಪ್ಪು ಅಜಾಗರೂಕತೆಯಿಂದ ಆದದ್ದು; ಅದರಲ್ಲಿ ಕಲಿಯಬೇಕಾದುದು ಹೆಚ್ಚಿಲ್ಲ. ವೈಜ್ಞಾನಿಕ ಕಥಾಚಿತ್ರಗಳ ವ್ಯೋಮನೌಕೆಯ ವಿಚಾರ ಹಾಗಲ್ಲ. ನಾವು ತೆರೆಯ ಮೇಲೆ 'ಒಂದು ನೌಕೆ' ಎಂದು ನೋಡುವ ವಸ್ತು ಎಲ್ಲಿಯೂ ಒಂದಾಗಿ ಇರುವುದಿಲ್ಲ. ಆಕಾಶದಲ್ಲಿ ತೇಲುವುದು ಒಂದು ಸಣ್ಣ ಮಾದರಿ. ಒಳಗಿನ ಕೋಣೆಗಳು ಮತ್ತೊಂದು ಕಟ್ಟಡದೊಳಗೆ ಮರ, ಹಲಗೆಗಳಿಂದ ಕಟ್ಟಿದ ಸೆಟ್ಟು. ನೆಲಕ್ಕಿಳಿದ ನೌಕೆಯ ಬಾಗಿಲು ಮೂರನೆಯ ರಚನೆ. ಇವನ್ನು ಬೇರೆಬೇರೆ ಕೈಗಳು, ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಹಣದ ಮಿತಿಯಲ್ಲಿ ಮಾಡಿರುತ್ತವೆ. ಒಂದಾಗಿಸುವುದು ಪ್ರೇಕ್ಷಕನ ಮನಸ್ಸು. ಆ ಹೊಲಿಗೆ ಬಿಚ್ಚಿಕೊಂಡ ಜಾಗವೇ ನಮ್ಮ ಪಾಠದ ವಸ್ತು.

ಮಕ್ಕಳು ತಪ್ಪನ್ನು ಬೇಗ ಕಂಡುಹಿಡಿಯುತ್ತಾರೆ, ಕಂಡೊಡನೆ ನಗುತ್ತಾರೆ. ನಗುವಿನ ನಂತರ ಮೌನ. ಭಾಷಾಶಿಕ್ಷಕನ ಕೆಲಸ ಆರಂಭವಾಗುವುದು ಆ ಮೌನದಲ್ಲಿ. 'ತಪ್ಪು' ಎಂಬ ಒಂದು ಪದದಲ್ಲಿ ಮುಗಿದುಹೋಗುವ ಉತ್ತರವನ್ನು ವಾಕ್ಯಗಳಾಗಿ ಬೆಳೆಸುವುದು ಹೇಗೆ? ಅದಕ್ಕೆ ನಮ್ಮ ವ್ಯಾಕರಣವೇ ಒಂದು ಸಾಧನವನ್ನು ಕೊಟ್ಟಿದೆ. ಕಣ್ಣಾರೆ ಕಂಡದ್ದನ್ನು ನಾವು 'ಇದೆ' ಎನ್ನುತ್ತೇವೆ. ಇನ್ನೊಬ್ಬರಿಂದ ಕೇಳಿದ್ದನ್ನು 'ಇದೆಯಂತೆ' ಎನ್ನುತ್ತೇವೆ. ಊಹಿಸಿದ್ದನ್ನು ಸಂಭಾವನಾರ್ಥಕದಲ್ಲಿ 'ಇದ್ದೀತು' ಎನ್ನುತ್ತೇವೆ, ಆಡುಮಾತಿಗೆ ಹತ್ತಿರವಾಗಿ 'ಇರಬಹುದು' ಎನ್ನುತ್ತೇವೆ. ಈ ಮೂರನ್ನು ಬೆರೆಸದೆ ಬರೆಯುವ ಶಕ್ತಿ ಇಂದಿನ ವಿದ್ಯಾರ್ಥಿಗೆ ಅತ್ಯಗತ್ಯ. ಕೈಯಲ್ಲಿರುವ ದೂರವಾಣಿಯಲ್ಲಿ ಕೇಳಿದ್ದನ್ನು ಕಂಡಂತೆ ಹೇಳುವ ಅಭ್ಯಾಸ ಎಲ್ಲೆಡೆ ಬೆಳೆಯುತ್ತಿದೆ. ವ್ಯೋಮನೌಕೆಯ ಲೆಕ್ಕ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದುದರಿಂದಲೇ ಅಭ್ಯಾಸಕ್ಕೆ ಅದು ಒಳ್ಳೆಯ ನೆಲ.

ಗಡಿನಾಡಿನ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವೂ ಉಂಟು. 'ಅಂತೆ' ಮಾಡುವ ಕೆಲಸವನ್ನು ತಮಿಳಿನ 'ಆಮ್', ತೆಲುಗಿನ 'ಅಟ', ಮಲಯಾಳದ 'ಅತ್ರೇ', ಮರಾಠಿಯ 'ಮ್ಹಣೇ' ಮಾಡುತ್ತವೆ. ಬೀದಿಯ ಭಾಷೆ ಯಾವುದೇ ಇರಲಿ, ಕೇಳಿದ ಮಾತಿಗೆ ಗುರುತು ಹಚ್ಚುವ ರೂಢಿ ಮಗುವಿಗೆ ಮೊದಲೇ ಬಂದಿರುತ್ತದೆ. ಅದನ್ನು ಪ್ರಜ್ಞೆಗೆ ತರುವುದಷ್ಟೇ ನಮ್ಮ ಪಾಲಿನದು.

ಎಂಟರ್‌ಪ್ರೈಸ್ ಎಂಬ ನೌಕೆ

ಉದಾಹರಣೆಗೆ ಒಂದೇ ನೌಕೆಯನ್ನು ಆರಿಸಿಕೊಂಡು ಅದರಲ್ಲಿ ಆಳಕ್ಕಿಳಿಯುವುದು ಲೇಸು. 1966ರಿಂದ 1969ರವರೆಗೆ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯ ನೌಕೆಯ ಹೆಸರು ಎಂಟರ್‌ಪ್ರೈಸ್. ಮುಂದೆ ಅದೇ ನೌಕೆ ಚಲನಚಿತ್ರಗಳಿಗೂ ಬಂದಿತು. ಇದರ ವಿನ್ಯಾಸಕಾರ ವಾಲ್ಟರ್ ಮ್ಯಾಟ್ ಜೆಫ್ರೀಸ್. ಮುಂಭಾಗದಲ್ಲಿ ತಟ್ಟೆಯಂತಹ ದೊಡ್ಡ ಚಕ್ರ, ಅದರ ಕೆಳಗೆ ಕೊಳವೆಯಾಕಾರದ ಒಡಲು, ಹಿಂದೆ ಮೇಲಕ್ಕೆ ಚಾಚಿದ ಎರಡು ಉದ್ದನೆಯ ಎಂಜಿನ್ನುಗಳು: ಇಷ್ಟನ್ನು ಹಲಗೆಯ ಮೇಲೆ ಬರೆದರೆ ಸಾಕು, ನೌಕೆ ಸಿದ್ಧ.

ಚಿತ್ರೀಕರಣಕ್ಕಾಗಿ 1964ರಲ್ಲಿ ತಯಾರಿಸಿದ ದೊಡ್ಡ ಮಾದರಿಯ ಉದ್ದ ಸುಮಾರು 11 ಅಡಿ 2 ಅಂಗುಲ. ಕಥೆಯೊಳಗಿನ ನೌಕೆಯ ಉದ್ದ 947 ಅಡಿಯಂತೆ. ಇಲ್ಲಿ 'ಅಂತೆ' ಎಂಬುದನ್ನು ಬೇಕೆಂದೇ ಬಳಸಿದ್ದೇನೆ. ಮಾದರಿಯನ್ನು ಅಳೆಯಬಹುದು, ಕಥೆಯ ನೌಕೆಯನ್ನು ಅಳೆದವರಿಲ್ಲ, ಅದು ವಿನ್ಯಾಸಕಾರರು ಹೇಳಿದ ಅಂಕಿ. ಮೊದಲ ಚಟುವಟಿಕೆಯಾಗಿ ವಿದ್ಯಾರ್ಥಿಗಳು 947 ಅಡಿಯನ್ನು ಮಾದರಿಯ ಉದ್ದದಿಂದ ಭಾಗಿಸಲಿ. ಸುಮಾರು 85 ಬರುತ್ತದೆ. ಹಾಗಾದರೆ ಆರು ಅಡಿ ಎತ್ತರದ ಮನುಷ್ಯ ಆ ಮಾದರಿಯೊಳಗೆ ಎಷ್ಟು ಎತ್ತರವಾಗಿರುತ್ತಾನೆ? 72 ಅಂಗುಲವನ್ನು 85ರಿಂದ ಭಾಗಿಸಿದರೆ ಒಂದು ಅಂಗುಲಕ್ಕೂ ಕಡಿಮೆ. ಪ್ರತಿಯೊಬ್ಬರೂ ತಮ್ಮ ಎತ್ತರವನ್ನು ಹೀಗೆ ಕುಗ್ಗಿಸಿ ಪುಸ್ತಕದ ಅಂಚಿನಲ್ಲಿ ಅಷ್ಟೇ ಉದ್ದದ ಗೆರೆ ಎಳೆಯಲಿ. ಈ ಗೆರೆ ಮುಂದಿನ ಎಲ್ಲ ವಾದಗಳಿಗೂ ಅಳತೆಗೋಲಾಗುತ್ತದೆ.

ಇನ್ನು ದೋಷಗಳಿಗೆ ಬರೋಣ. ಈ ಮಾದರಿಗೆ ಒಂದೇ ಮಗ್ಗುಲು. ದೀಪಗಳನ್ನು ಅಳವಡಿಸಿದ ಮೇಲೆ ವಿದ್ಯುತ್ ತಂತಿಗಳು ಎಡಭಾಗದಿಂದ ಹೊರಬರುತ್ತಿದ್ದುದರಿಂದ ಎಡಭಾಗವನ್ನು ಪೂರ್ಣಗೊಳಿಸಲೇ ಇಲ್ಲ. ನೌಕೆಯನ್ನು ಬಲಗಡೆಯಿಂದಲೇ ಚಿತ್ರಿಸುತ್ತಿದ್ದರು. ಎಡಗಡೆ ಕಾಣಬೇಕಾದಾಗ ಒಂದು ಉಪಾಯ ಮಾಡಿದರು: ನೌಕೆಯ ಮೇಲಿನ ಅಕ್ಷರಗಳನ್ನೂ ಅಂಕಿಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಂಟಿಸಿ, ಬಲಭಾಗವನ್ನೇ ಚಿತ್ರಿಸಿ, ಆಮೇಲೆ ಫಿಲ್ಮನ್ನು ಮಗುಚಿದರು. ನೌಕೆಯ ಸಂಖ್ಯೆ 1701. ಇದನ್ನು ಕಾಗದದ ಮೇಲೆ ಬರೆದು ಕನ್ನಡಿಯ ಮುಂದೆ ಹಿಡಿಯಿರಿ. 1 ಮತ್ತು 0 ಅಷ್ಟಾಗಿ ಕೆಡುವುದಿಲ್ಲ. 7 ತಲೆ ತಿರುಗಿಸುತ್ತದೆ. ಅಂಕಿಗಳ ಕ್ರಮ 1071 ಆಗುತ್ತದೆ. ಫಿಲ್ಮನ್ನು ಸುಮ್ಮನೆ ಮಗುಚಿದ್ದರೆ ಏನಾಗುತ್ತಿತ್ತು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ. ಕನ್ನಡ ವರ್ಣಮಾಲೆಯಲ್ಲಿ ಕನ್ನಡಿಗೆ ಹೆದರದ ಅಕ್ಷರಗಳು ಎಷ್ಟಿವೆ ಎಂದು ಹುಡುಕಲು ಹೇಳಿದರೆ ಅರ್ಧ ಗಂಟೆ ತರಗತಿ ಗದ್ದಲದಲ್ಲಿ ಮುಳುಗುತ್ತದೆ. ಆ ಗದ್ದಲ ನನಗೆ ಪ್ರಿಯ. ಆದರೆ ಅವಧಿ ಎರಡೇ ಎಂಬುದನ್ನು ಮರೆಯಬಾರದು.

ಎರಡನೆಯದು ಕಾಲದ ದೋಷ. ಧಾರಾವಾಹಿ ಆರಂಭವಾಗುವ ಮುನ್ನ ಎರಡು ಪರೀಕ್ಷಾ ಕಂತುಗಳನ್ನು ತಯಾರಿಸಿದ್ದರು. ಆಗ ಎಂಜಿನ್ನುಗಳ ಮುಂತುದಿಯಲ್ಲಿ ಸೂಜಿಯಂತಹ ಮೊನೆಗಳಿದ್ದವು. ಧಾರಾವಾಹಿ ಒಪ್ಪಿಗೆಯಾದ ಮೇಲೆ ಆ ಮೊನೆಗಳನ್ನು ತೆಗೆದು, ಒಳಗೆ ಬೆಳಕು ಸುತ್ತುವ ಗೋಳಾಕಾರದ ಮುಚ್ಚಳಗಳನ್ನು ಇಟ್ಟರು. ಹಿಂತುದಿಯಲ್ಲೂ ಗುಂಡುಗಳನ್ನು ಸೇರಿಸಿದರು. ಮಾದರಿಯ ಚಿತ್ರೀಕರಣ ದುಬಾರಿ. ಆದುದರಿಂದ ಹಳೆಯ ತುಣುಕುಗಳನ್ನು ಎಸೆಯದೆ ಮುಂದಿನ ಕಂತುಗಳಲ್ಲೂ ಸೇರಿಸುತ್ತ ಹೋದರು. ಪರಿಣಾಮವಾಗಿ ಒಂದೇ ಕಂತಿನಲ್ಲಿ ನೌಕೆ ಒಮ್ಮೆ ಮೊನೆಯೊಂದಿಗೆ, ಮರುನಿಮಿಷ ಮೊನೆಯಿಲ್ಲದೆ ಹಾರುತ್ತದೆ. ನೋಡುವವನಿಗೆ ಇದು ತಪ್ಪು. ಖರ್ಚು ಬರೆಯುವವನಿಗೆ ಮಿತವ್ಯಯ. ಅಂದಿನ ಪ್ರೇಕ್ಷಕ ಒಂದು ಕಂತನ್ನು ವಾರಕ್ಕೊಮ್ಮೆ, ಸಣ್ಣ ತೆರೆಯ ಮೇಲೆ, ಒಮ್ಮೆ ನೋಡುತ್ತಿದ್ದ. ನಿಲ್ಲಿಸಿ ನೋಡುವ ಸೌಕರ್ಯ ಅವನಿಗಿರಲಿಲ್ಲ. ಇದನ್ನು ಅರಿಯದೆ ಆ ತಯಾರಕರನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಮೂರನೆಯದು, ಶಿಕ್ಷಕರು ಹೆಚ್ಚು ಹೊತ್ತು ನಿಲ್ಲಬಹುದಾದದ್ದು, ಗೆಲಿಲಿಯೊ ಎಂಬ ಉಪನೌಕೆಯ ದೋಷ. ಏಳು ಜನರನ್ನು ಹೊತ್ತು ಹೋಗುವ ಈ ಪುಟ್ಟ ನೌಕೆ 1967ರ ಜನವರಿಯಲ್ಲಿ ಪ್ರಸಾರವಾದ ಒಂದು ಕಂತಿನ ಕೇಂದ್ರವಸ್ತು. ಸಂಭಾಷಣೆಯಲ್ಲಿ ಅದರ ಉದ್ದ 24 ಅಡಿ ಎಂದು ಬರುತ್ತದೆ. ಹೊರಗಿನ ದೃಶ್ಯಗಳಿಗಾಗಿ ಕಟ್ಟಿದ ಪೂರ್ಣಪ್ರಮಾಣದ ಆಕೃತಿ ಅದಕ್ಕಿಂತ ತುಸು ಚಿಕ್ಕದು, ಸುಮಾರು 22 ಅಡಿ. ಅದರ ಬಾಗಿಲಿನಿಂದ ಹೊರಬರುವವರು ತಲೆ ತಗ್ಗಿಸುತ್ತಾರೆ. ಒಳಗಿನ ದೃಶ್ಯದಲ್ಲಾದರೋ ಅದೇ ಜನ ತಲೆಯೆತ್ತಿ ನಿಂತು ಓಡಾಡುತ್ತಾರೆ. ಹಿಂದೆ ಇನ್ನೊಂದು ಕೋಣೆಯೂ ಇದೆ. ಒಳಗಿನದು ಹೊರಗಿನದರೊಳಗೆ ಹಿಡಿಸುವುದಿಲ್ಲ.

ಏಕೆ ಹೀಗಾಯಿತು? ಹೊರ ಆಕೃತಿಯನ್ನು ಕಟ್ಟಿಸಲು ಧಾರಾವಾಹಿಯವರ ಬಳಿ ಹಣವಿರಲಿಲ್ಲ. ಆಟಿಕೆ ಮಾದರಿಗಳ ಪೆಟ್ಟಿಗೆಗಳನ್ನು ಮಾರುತ್ತಿದ್ದ ಎಎಂಟಿ ಎಂಬ ಕಂಪನಿ, ನೌಕೆಯ ಮಾದರಿಗಳನ್ನು ಮಾರುವ ಹಕ್ಕಿಗೆ ಪ್ರತಿಯಾಗಿ ಅದನ್ನು ಕಟ್ಟಿಸಿಕೊಟ್ಟಿತು. ಒಳಗಿನ ಸೆಟ್ಟಿನ ಕಥೆ ಬೇರೆ. ಅಲ್ಲಿ ಏಳು ನಟರು ಕುಳಿತು ಏಳಬೇಕು, ಕ್ಯಾಮೆರಾ ಹಿಂದಕ್ಕೆ ಸರಿಯಬೇಕು, ದೀಪಗಳು ಮೇಲಿನಿಂದ ಬೆಳಗಬೇಕು. ಬಗ್ಗಿ ನಡೆಯುವ ನಾಯಕನಿಗೆ ಗಾಂಭೀರ್ಯ ಬರುವುದು ಕಷ್ಟ. ಎರಡು ರಚನೆಗಳೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದವು. ಅವು ಒಂದಕ್ಕೊಂದು ಹೊಂದಲಿಲ್ಲ, ಅಷ್ಟೆ. ಧಾರಾವಾಹಿ ಮುಗಿದ ಮೇಲೆ ಆ ಹೊರ ಆಕೃತಿ ಕೈಯಿಂದ ಕೈಗೆ ಸಾಗಿ, ಬಿಸಿಲು ಮಳೆಗಳಲ್ಲಿ ಜೀರ್ಣವಾಗಿ, ಕೊನೆಗೆ ದುರಸ್ತಿಗೊಂಡು 2013ರಲ್ಲಿ ಹ್ಯೂಸ್ಟನ್ನಿನ ಬಾಹ್ಯಾಕಾಶ ಕೇಂದ್ರದಲ್ಲಿ ಪ್ರದರ್ಶನಕ್ಕೆ ನಿಂತಿತು.

ತರಗತಿಯಲ್ಲಿ ಹೀಗೆ ಮಾಡಬಹುದು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ 22 ಅಡಿ ಉದ್ದದ ಗೆರೆ ಎಳೆಯಿರಿ. ಕೊಠಡಿ ಸಾಲದಿದ್ದರೆ ಅಂಗಳಕ್ಕೆ ಹೋಗಿರಿ. ಏಳು ವಿದ್ಯಾರ್ಥಿಗಳು ಅದರೊಳಗೆ ಕುಳಿತುಕೊಳ್ಳಲಿ. ಹಿಂದಿನ ಕೋಣೆಗೂ, ಎಂಜಿನ್ನಿಗೂ, ಗೋಡೆಯ ದಪ್ಪಕ್ಕೂ ಜಾಗ ಬಿಡಲಿ. ಬಳಿಕ ಇಬ್ಬರು ಒಂದು ಹಗ್ಗವನ್ನು ಐದು ಅಡಿ ಎತ್ತರದಲ್ಲಿ ಸೂರಿನಂತೆ ಹಿಡಿಯಲಿ. ಉಳಿದವರು ತಾವು ಕಂಡದ್ದನ್ನು ಒಂದು ವಾಕ್ಯದಲ್ಲಿ, ಸಂಭಾಷಣೆಯಲ್ಲಿ ಕೇಳಿದ್ದನ್ನು ಇನ್ನೊಂದು ವಾಕ್ಯದಲ್ಲಿ, ಕಾರಣವನ್ನು ಮೂರನೆಯ ವಾಕ್ಯದಲ್ಲಿ ಬರೆಯಲಿ. 'ಉದ್ದ 24 ಅಡಿಯಂತೆ; ಆದರೆ ಹೊರ ಆಕೃತಿ 22 ಅಡಿ ಇದೆ; ಒಳಗಿನ ಸೆಟ್ಟನ್ನು ಬೇರೆಯಾಗಿ ಕಟ್ಟಿದ್ದಿರಬಹುದು' ಎಂಬಂತಹ ಮೂರು ವಾಕ್ಯಗಳು ಒಂದು ಪುಟದ ವರ್ಣನೆಗಿಂತ ಮೇಲು.

ಮೂವತ್ತಾರು ಡಿಗ್ರಿಯ ಪ್ರಶ್ನೆ

ಎಂಟರ್‌ಪ್ರೈಸ್ ನೌಕೆಯ ಅತಿ ಸೊಗಸಾದ ದೋಷ ಅದರ ನೆತ್ತಿಯಲ್ಲಿದೆ. ತಟ್ಟೆಯ ಮೇಲ್ತುದಿಯ ಗುಮ್ಮಟವೇ ನಾಯಕನ ಕೊಠಡಿ. ಅದು ವೃತ್ತಾಕಾರ, ಸೆಟ್ಟನ್ನು ಹತ್ತು ಸಮಭಾಗಗಳಾಗಿ ವಿಭಾಗಿಸಿ ಕಟ್ಟಿದ್ದರು. ಒಂದೊಂದು ಭಾಗ 36 ಡಿಗ್ರಿ. ಎದುರಿನ ಭಾಗದಲ್ಲಿ ದೊಡ್ಡ ತೆರೆ; ನಡುವೆ ತೆರೆಗೆ ಮುಖ ಮಾಡಿ ನಾಯಕನ ಆಸನ. ಒಳಬರುವ ಲಿಫ್ಟಿನ ಬಾಗಿಲು ಆಸನದ ನೇರ ಹಿಂದೆ ಇಲ್ಲ; ಒಂದು ಭಾಗ ಪಕ್ಕಕ್ಕೆ, ನಾಯಕನ ಎಡಹಿಂಬದಿಯಲ್ಲಿದೆ. ಮಾದರಿಯನ್ನು ನೋಡಿದರೆ, ಗುಮ್ಮಟದ ಹಿಂದೆ ಒಂದು ಚಿಕ್ಕ ಕೊಳವೆ ಇದೆ. ಅದು ಲಿಫ್ಟಿನ ಕೊಳವೆಯೆಂದು ಯಾರಿಗಾದರೂ ತೋರುತ್ತದೆ. ಆದರೆ ಅದು ನೌಕೆಯ ನಡುಗೆರೆಯ ಮೇಲೆ, ನೇರ ಹಿಂದೆ ಇದೆ.

ಎರಡೂ ನಿಜವಾದರೆ ಏನಾಗುತ್ತದೆ? ಲಿಫ್ಟಿನ ಬಾಗಿಲನ್ನು ಕೊಳವೆಗೆ ಹೊಂದಿಸಲು ಇಡೀ ಕೊಠಡಿಯನ್ನು ಒಂದು ಭಾಗದಷ್ಟು ತಿರುಗಿಸಬೇಕು. ಆಗ ನಾಯಕನೂ ತೆರೆಯೂ ನೌಕೆ ಸಾಗುವ ದಿಕ್ಕಿಗೆ ಮುಖ ಮಾಡದೆ 36 ಡಿಗ್ರಿ ಎಡಕ್ಕೆ ತಿರುಗಿಕೊಂಡಿರುತ್ತಾರೆ. ಇದು ಬರಿಯ ತಮಾಷೆಯಲ್ಲ. ವಿಮಾನೋದ್ಯಮದಲ್ಲಿ ವಿನ್ಯಾಸಕಾರರಾಗಿದ್ದ ಫ್ರಾಂಝ್ ಜೋಸೆಫ್ 1975ರಲ್ಲಿ ಈ ನೌಕೆಯ ಸಮಗ್ರ ನಕ್ಷೆಗಳನ್ನು ಪ್ರಕಟಿಸಿದಾಗ ಕೊಠಡಿಯನ್ನು ಹೀಗೆಯೇ ತಿರುಗಿಸಿ ಬರೆದರು. ಅಂದಿನಿಂದ ಈ ಕೋನದ ಬಗೆಗೆ ಅಭಿಮಾನಿಗಳ ನಡುವೆ ವಾದ ನಡೆಯುತ್ತಲೇ ಇದೆ.

ದಪ್ಪ ಕಾಗದದ ವೃತ್ತವನ್ನು ಹತ್ತು ಭಾಗ ಮಾಡಿ, ತೆರೆ, ಆಸನ, ಲಿಫ್ಟುಗಳನ್ನು ಗುರುತಿಸಿ, ಹಲಗೆಯ ಮೇಲೆ ಬರೆದ ನೌಕೆಯ ಮೇಲಿಟ್ಟು ತಿರುಗಿಸಿ ತೋರಿಸಿರಿ. ಆಮೇಲೆ ವಿದ್ಯಾರ್ಥಿಗಳನ್ನು ಎರಡು ಪಕ್ಷ ಮಾಡಿರಿ. ಕೊಠಡಿ ತಿರುಗಿದೆ ಎನ್ನುವ ಪಕ್ಷಕ್ಕೆ ಆಧಾರ ಕೊಳವೆ. ತಿರುಗಿಲ್ಲ ಎನ್ನುವ ಪಕ್ಷ ಏನು ಹೇಳಬಹುದು? ಆ ಕೊಳವೆ ಲಿಫ್ಟಿನದೇ ಎಂದು ಧಾರಾವಾಹಿಯಲ್ಲಿ ಯಾರು ಹೇಳಿದರು ಎಂದು ಕೇಳಬಹುದು. ಈ ನೌಕೆಯ ಲಿಫ್ಟು ಅಡ್ಡಡ್ಡವಾಗಿಯೂ ಚಲಿಸುತ್ತದೆ, ಆದುದರಿಂದ ಬಾಗಿಲು ಕೊಳವೆಯ ನೇರಕ್ಕೇ ಇರಬೇಕಿಲ್ಲ ಎನ್ನಬಹುದು. ಮೊದಲ ಪಕ್ಷ ಸುಮ್ಮನಿರುವುದಿಲ್ಲ: ಎದುರಿನದು ಕಿಟಕಿಯಲ್ಲ, ತೆರೆ, ನಾಯಕ ಯಾವ ಕಡೆಗೆ ಕುಳಿತಿದ್ದರೂ ತೆರೆ ಮುಂದಿನ ದಾರಿಯನ್ನೇ ತೋರಿಸೀತು. 'ತೋರಿಸೀತು' ಎಂಬ ರೂಪ ತಾನಾಗಿ ಬರುವುದನ್ನು ಗಮನಿಸಿರಿ. ಸಂಭಾವನಾರ್ಥಕ ಕ್ರಿಯಾಪದವನ್ನು ಕೋಷ್ಟಕದಿಂದ ಬಾಯಿಪಾಠ ಮಾಡಿಸುವುದಕ್ಕಿಂತ ಇಂತಹ ಒಂದು ವಾದ ಅದನ್ನು ಚೆನ್ನಾಗಿ ಕಲಿಸುತ್ತದೆ.

ಸೆಟ್ಟಿನಲ್ಲಿ ಲಿಫ್ಟು ಪಕ್ಕಕ್ಕೇಕೆ ಹೋಯಿತೆಂಬುದನ್ನು ಕೊನೆಯಲ್ಲಿ ಚರ್ಚಿಸಬಹುದು. ಮೇಷ್ಟರ ಕುರ್ಚಿಯಲ್ಲಿ ಒಬ್ಬನನ್ನು ಕೂರಿಸಿ, ಅವನ ನೇರ ಹಿಂದಿನಿಂದ ಒಬ್ಬಳು ಬರಲಿ. ಮುಂದೆ ಕುಳಿತವರಿಗೆ ಅವಳು ಕಾಣಿಸುತ್ತಾಳೆಯೆ? ಇನ್ನೊಮ್ಮೆ ಓರೆಯಿಂದ ಬರಲಿ. ಕ್ಯಾಮೆರಾದ ಕಣ್ಣಿಗೂ ಇದೇ ತೊಂದರೆ ಇದ್ದೀತು ಎಂದು ಅವರೇ ಹೇಳುವರು.

ನಿಜಪ್ರಸಂಗದಲ್ಲಿ 'ರಥ'ಕ್ಕೆ ಇಲ್ಲದ ತೊಡಕು

ತರಬೇತಿ ಶಿಬಿರಗಳಲ್ಲಿ ಆಗಾಗ ಬರುವ ಆಕ್ಷೇಪವೊಂದಿದೆ: ನಾಟಕದಲ್ಲಿ, ಬಯಲಾಟದಲ್ಲಿ ಯಾರೂ ಇಂತಹ ತಪ್ಪು ಹುಡುಕುವುದಿಲ್ಲ, ಸಿನೆಮಾದಲ್ಲೇಕೆ ಹುಡುಕಬೇಕು? ಪ್ರಶ್ನೆ ಯೋಗ್ಯವಾದದ್ದು. ಯಕ್ಷಗಾನದ ರಂಗದಲ್ಲಿ 'ರಥ'ವೆಂಬ ಒಂದೇ ಆಸನ ಒಮ್ಮೆ ಸಿಂಹಾಸನ, ಒಮ್ಮೆ ರಥ. ಕಾಸರಗೋಡಿನ ಯಾವ ಹುಡುಗನೂ ಅದಕ್ಕೆ ಚಕ್ರವೆಲ್ಲಿ ಎಂದು ಕೇಳಿದ್ದಿಲ್ಲ. ಆ ಕಲೆ ತನ್ನ ಆಸನವನ್ನು ನಿಜವಾದ ರಥವೆಂದು ನಂಬಿಸಲು ಹೊರಟಿಲ್ಲ. ನಂಬಿಕೆಯ ಒಪ್ಪಂದವೇ ಬೇರೆ. ವ್ಯೋಮನೌಕೆಯ ಚಿತ್ರ ಹಾಗಲ್ಲ. ಅದು ಬೋಲ್ಟು, ಕಿಟಕಿ, ಅಂಕಿಗಳನ್ನೆಲ್ಲ ತೋರಿಸಿ, 'ಇದು ಅಳೆಯಬಹುದಾದ ವಸ್ತು' ಎಂದು ಮಾತು ಕೊಡುತ್ತದೆ. ಅಳೆಯಲು ಬಾ ಎಂದು ಕರೆದವನನ್ನು ಅಳತೆಪಟ್ಟಿ ಹಿಡಿದು ನೋಡುವುದರಲ್ಲಿ ಅನ್ಯಾಯವಿಲ್ಲ.

ಅಂಕಿಯೇ ದೋಷವಾದದ್ದಕ್ಕೆ ಒಂದು ಒಳ್ಳೆಯ ನಿದರ್ಶನ 1989ರಲ್ಲಿ ಬಿಡುಗಡೆಯಾದ ಐದನೆಯ ಸ್ಟಾರ್ ಟ್ರೆಕ್ ಚಲನಚಿತ್ರ. ಅದರ ನಿರ್ದೇಶಕ, ನಾಯಕನ ಪಾತ್ರಧಾರಿಯೂ ಆದ ವಿಲಿಯಂ ಶಾಟ್ನರ್. ಒಂದು ದೃಶ್ಯದಲ್ಲಿ ಮೂವರು ಲಿಫ್ಟಿನ ಬಾವಿಯಲ್ಲಿ ವೇಗವಾಗಿ ಮೇಲೇರುತ್ತಾರೆ. ಗೋಡೆಯ ಮೇಲೆ ಅಂತಸ್ತುಗಳ ಸಂಖ್ಯೆ ಸರಿದುಹೋಗುತ್ತದೆ. 52 ಎಂಬುದು ಎರಡು ಬಾರಿ ಬರುತ್ತದೆ. ಕೊನೆಗೆ 78 ಕಾಣುತ್ತದೆ. ಈ ನೌಕೆಯಲ್ಲಿ ಅಂತಸ್ತುಗಳ ಎಣಿಕೆ ಮೇಲಿನಿಂದ ಕೆಳಕ್ಕೆ. ನಾಯಕನ ಕೊಠಡಿಯೇ ಒಂದನೆಯದು. ಮೇಲೇರುವಾಗ ಸಂಖ್ಯೆ ಇಳಿಯಬೇಕಿತ್ತು, ಏರಿತು. ಒಂದು ಅಂತಸ್ತಿಗೆ ಹತ್ತು ಅಡಿಯೆಂದರೂ 78 ಅಂತಸ್ತಿಗೆ 780 ಅಡಿ ಬೇಕು. ಸಾವಿರ ಅಡಿಯಷ್ಟು ಉದ್ದದ ಈ ನೌಕೆಯ ಎತ್ತರ ಅದರ ಉದ್ದದ ಸುಮಾರು ಕಾಲುಭಾಗ ಮಾತ್ರ. ಗೆಲಿಲಿಯೊ ನೌಕೆಯ ದೋಷದ ಹಿಂದೆ ಕಾರಣವಿತ್ತು. ಇದರ ಹಿಂದೆ ವೇಗವನ್ನು ತೋರಿಸುವ ಆಸೆಯಷ್ಟೇ ಇದ್ದಂತೆ ಕಾಣುತ್ತದೆ. ಎಲ್ಲ ದೋಷಗಳೂ ಸಮಾನವಲ್ಲ ಎಂಬುದನ್ನು ವಿದ್ಯಾರ್ಥಿಗಳು ಹೇಳಲು ಕಲಿಯಬೇಕು.

ಬೇರೆ ನೌಕೆಗಳನ್ನು ಸಂಕ್ಷೇಪವಾಗಿ ನೋಡಿದರೆ ಸಾಕು. 1965ರಿಂದ 1968ರವರೆಗೆ ಬಂದ 'ಲಾಸ್ಟ್ ಇನ್ ಸ್ಪೇಸ್' ಧಾರಾವಾಹಿಯ ಪರೀಕ್ಷಾ ಕಂತಿನಲ್ಲಿ ನೌಕೆಗೆ ಒಂದೇ ಅಂತಸ್ತು, ಹೆಸರು ಜೆಮಿನಿ 12. ಧಾರಾವಾಹಿಯಾದಾಗ ಹೆಸರು ಜುಪಿಟರ್ 2 ಆಯಿತು, ಒಳಗೆ ಕೆಳ ಅಂತಸ್ತು ಸೇರಿತು. ಹೊರಗಿನ ಚಪ್ಪಟೆ ತಟ್ಟೆಯೊಳಗೆ ಅದಕ್ಕೆ ಸ್ಥಳವಿಲ್ಲ. ಮೂರನೆಯ ವರ್ಷ ಅದರೊಳಗೆ ಒಂದು ಉಪನೌಕೆಯನ್ನೂ ತುರುಕಿದರು!

'ಸ್ಟಾರ್ ವಾರ್ಸ್' ಚಿತ್ರಗಳ ಮಿಲೆನಿಯಂ ಫಾಲ್ಕನ್ ನೌಕೆಗೆ 1977ರಲ್ಲಿ ಮೂರು ಕಾಲು, 1980ರ ಚಿತ್ರದಲ್ಲಿ ಐದು. ನೌಕೆಯ ಒಡೆಯ ಸದಾ ಅದನ್ನು ರಿಪೇರಿ ಮಾಡುತ್ತಿರುವವನಾದುದರಿಂದ ಎರಡು ಕಾಲು ಸೇರಿಸಿಕೊಂಡಿದ್ದಾನು ಎಂದು ಅಭಿಮಾನಿಗಳು ಸಮಾಧಾನ ಹೇಳುವುದುಂಟು. ಇದು ಕಥೆಯ ಒಳಗಿನ ಕಾರಣ. ಮೊದಲ ಚಿತ್ರಕ್ಕೆ ಅರ್ಧ ನೌಕೆಯನ್ನಷ್ಟೇ ಕಟ್ಟಿದ್ದರು, ಎರಡನೆಯದಕ್ಕೆ ವೇಲ್ಸಿನ ಪೆಂಬ್ರೋಕ್ ಡಾಕಿನಲ್ಲಿ ಪೂರ್ಣ ನೌಕೆಯನ್ನು ಹೊಸದಾಗಿ ಕಟ್ಟಿದರು ಎಂಬುದು ಕಥೆಯ ಹೊರಗಿನ ಸಂಗತಿ. ವಿದ್ಯಾರ್ಥಿ ಯಾವುದನ್ನು ಹೇಳುತ್ತಿದ್ದಾನೆಂಬುದು ಅವನಿಗೇ ತಿಳಿದಿರಬೇಕು. ಇದೇ ನೌಕೆ ಸಾತತ್ಯವನ್ನು ಕಾಪಾಡಿಕೊಂಡದ್ದಕ್ಕೂ ನಿದರ್ಶನ: 1983ರ ಚಿತ್ರದ ಯುದ್ಧದಲ್ಲಿ ಅದರ ದುಂಡನೆಯ ಆಂಟೆನಾ ತಟ್ಟೆ ಮುರಿದುಬಿತ್ತು, 2015ರ ಚಿತ್ರದಲ್ಲಿ ಆ ಜಾಗದಲ್ಲಿ ಆಯತಾಕಾರದ ಬೇರೊಂದು ತಟ್ಟೆ ಇತ್ತು. ಮೂವತ್ತೆರಡು ವರ್ಷಗಳ ಹಿಂದಿನ ಗಾಯವನ್ನು ನೆನಪಿಟ್ಟುಕೊಂಡವರನ್ನು ಮೆಚ್ಚಬೇಕು.

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ಡಿಸ್ಕವರಿ ನೌಕೆಯನ್ನು ಇಲ್ಲಿ ತರುವುದು ಬೇರೆ ಕಾರಣಕ್ಕೆ. 1968ರ ಈ ಚಿತ್ರಕ್ಕೆ 54 ಅಡಿ ಉದ್ದದ ಮಾದರಿಯನ್ನೂ, 38 ಅಡಿ ವ್ಯಾಸದ, ನಿಜವಾಗಿ ತಿರುಗುವ ಸೆಟ್ಟನ್ನೂ ಕಟ್ಟಿದ್ದರು. ಅಷ್ಟು ಶ್ರದ್ಧೆಯಿದ್ದೂ, ಎಂಜಿನ್ನಿನ ಶಾಖವನ್ನು ಹೊರಹಾಕಲು ಬೇಕಾಗಿದ್ದ ಅಗಲವಾದ ಫಲಕಗಳನ್ನು ಕೈಬಿಟ್ಟರು; ನೋಡುವವರಿಗೆ ಅವು ರೆಕ್ಕೆಗಳಂತೆ ಕಂಡು, ಗಾಳಿಯಿಲ್ಲದಲ್ಲಿ ರೆಕ್ಕೆಯೇಕೆ ಎಂಬ ಪ್ರಶ್ನೆ ಏಳುವುದೆಂದು. ಇದು ಸಾತತ್ಯದೋಷವಲ್ಲ, ವಿಜ್ಞಾನದ ಲೋಪ, ಅದೂ ತಿಳಿದೇ ಮಾಡಿದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ವಿದ್ಯಾರ್ಥಿಯನ್ನು ಅಲ್ಲಿಯೇ ತಡೆಯಬೇಕು. 1984ರಲ್ಲಿ ಇದರ ಮುಂದಿನ ಕಥೆಯನ್ನು ಪೀಟರ್ ಹೈಯಮ್ಸ್ ತೆರೆಗೆ ತಂದಾಗ ಹಳೆಯ ಮಾದರಿಗಳೂ ನಕ್ಷೆಗಳೂ ಉಳಿದಿರಲಿಲ್ಲ. ಹೊಸ ತಂಡ ಹಳೆಯ ಚಿತ್ರದ ಬಿಂಬಗಳನ್ನು ಹಿಗ್ಗಿಸಿ, ಅವುಗಳಿಂದ ಅಳತೆ ತೆಗೆದು ನೌಕೆಯನ್ನು ಮತ್ತೆ ಕಟ್ಟಿತು. ನಮ್ಮ ವಿದ್ಯಾರ್ಥಿ ಪುಸ್ತಕದ ಅಂಚಿನಲ್ಲಿ ಮಾಡಿದ ಲೆಕ್ಕವನ್ನೇ ಅವರು ಹೊಟ್ಟೆಪಾಡಿಗಾಗಿ ಮಾಡಿದರು.

ಯಾವ ನೌಕೆಯನ್ನು ಉಳಿಸಬೇಕು?

ದೋಷ ಹುಡುಕುವವರ ಕಣ್ಣು ಒಂದು ಕಡೆ ನಿಜವಾಗಿಯೂ ಬೆಲೆಯುಳ್ಳದ್ದಾಯಿತು. ಎಂಟರ್‌ಪ್ರೈಸಿನ 11 ಅಡಿಯ ಮಾದರಿ 1974ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯಕ್ಕೆ ಸೇರಿತು. ಬಳಿಕ ಹಲವು ಬಾರಿ ದುರಸ್ತಿಯಾಯಿತು. 1991ರ ದುರಸ್ತಿಯಲ್ಲಿ ಒಡಲಿನ ಮೇಲೆ ಬಳಿದ ದಟ್ಟ ಗೆರೆಗಳು ಮೂಲದಲ್ಲಿ ಹಾಗಿರಲಿಲ್ಲವೆಂದು ಅನೇಕರು ಅಸಮಾಧಾನಪಟ್ಟರು. ಮುಂದೆ ಸಂಗ್ರಹಾಲಯದವರು ಅದನ್ನು ಮತ್ತೊಮ್ಮೆ ಸಂರಕ್ಷಿಸಲು ಹೊರಟಾಗ ಎದುರಾದ ಪ್ರಶ್ನೆ ಇದು: ಯಾವ ಎಂಟರ್‌ಪ್ರೈಸ್? ಮೊನೆಯಿದ್ದದ್ದೋ, ಇಲ್ಲದ್ದೋ? ಒಂದೇ ನೌಕೆಯಾಗಿ ಕಂಡದ್ದು ಕಾಲಕಾಲಕ್ಕೆ ಬದಲಾಗುತ್ತ ಬಂದಿತ್ತು. ಕೊನೆಯ ಬಾರಿ ಬದಲಾದಾಗ, ಅಂದರೆ 1967ರ ಆಗಸ್ಟ್ ತಿಂಗಳಲ್ಲಿ ಒಂದು ಕಂತಿನ ಚಿತ್ರೀಕರಣದ ವೇಳೆ, ಅದು ಹೇಗಿತ್ತೋ ಹಾಗೆ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಆಧಾರಕ್ಕಾಗಿ ಹಳೆಯ ಛಾಯಾಚಿತ್ರಗಳನ್ನು ಸಾರ್ವಜನಿಕರಿಂದಲೂ ಕೇಳಿದರು. ತಟ್ಟೆಯ ಮೇಲ್ಮೈಯಲ್ಲಿ ಮಾತ್ರ 1960ರ ದಶಕದ ಮೂಲ ಬಣ್ಣ ಹಾಗೆಯೇ ಉಳಿದಿತ್ತು. ಉಳಿದ ಭಾಗಗಳ ಬಣ್ಣವನ್ನು ನಿರ್ಧರಿಸಲು ಅದು ಸಾಕ್ಷಿಯಾಯಿತು. 2016ರಲ್ಲಿ ಮಾದರಿಯನ್ನು ಅಲ್ಲಿಯ ಮುಖ್ಯ ಸಭಾಂಗಣದಲ್ಲಿ ಪ್ರದರ್ಶನಕ್ಕಿಟ್ಟರು. ಊರಿನ ದೇವಾಲಯದ ಜೀರ್ಣೋದ್ಧಾರವನ್ನೋ ಹಳೆಯ ಶಾಲಾಕಟ್ಟಡದ ದುರಸ್ತಿಯನ್ನೋ ಕಂಡ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದೆನಿಸದು. ಸುಣ್ಣದ ಯಾವ ಪದರದವರೆಗೆ ಕೆರೆಯಬೇಕು ಎಂದು ಕೇಳಿ ನೋಡಿರಿ.

ಬರೆವಣಿಗೆ ಮತ್ತು ಅಂಕ

ಎರಡನೆಯ ಅವಧಿಯ ಕೊನೆಯ ಇಪ್ಪತ್ತು ನಿಮಿಷ ಬರೆವಣಿಗೆಗೆ ಮೀಸಲಿರಲಿ. ಪ್ರಶ್ನೆ: 'ಗೆಲಿಲಿಯೊ, ಮೂವತ್ತಾರು ಡಿಗ್ರಿ, ಎಪ್ಪತ್ತೆಂಟನೆಯ ಅಂತಸ್ತು, ಇವುಗಳಲ್ಲಿ ಒಂದನ್ನು ಆರಿಸಿ, ದೋಷವೇನು, ಅದು ಹೇಗೆ ಬಂದಿತು ಎಂಬುದನ್ನು ಎಂಟು ವಾಕ್ಯಗಳಲ್ಲಿ ಬರೆಯಿರಿ.' ಅಳತೆ ಅಥವಾ ಅಂಕಿಯನ್ನು ಸರಿಯಾಗಿ ಕೊಟ್ಟದ್ದಕ್ಕೆ ಎರಡು ಅಂಕ. ಕಂಡದ್ದು, ಕೇಳಿದ್ದು, ಊಹಿಸಿದ್ದು ಇವುಗಳ ಕ್ರಿಯಾರೂಪ ಬೆರೆಯದಿದ್ದರೆ ನಾಲ್ಕು. ಕಥೆಯ ಒಳಗಿನ ಕಾರಣವೋ ಹೊರಗಿನದೋ ಎಂಬುದನ್ನು ಸ್ಪಷ್ಟಪಡಿಸಿದ್ದಕ್ಕೆ ಎರಡು. ಕಾಗುಣಿತಕ್ಕೆ ಇಲ್ಲಿ ಅಂಕ ಕಳೆಯಬೇಡಿರಿ. ಅದಕ್ಕೆ ಬೇರೆ ಅಭ್ಯಾಸಗಳಿವೆ. 'ಆಗಿತ್ತಂತೆ' ಎಂದು ಬರೆದ ಉತ್ತರವನ್ನು ಆಡುಮಾತೆಂದು ಹೊಡೆದುಹಾಕದೆ, ಅದರ ಪಕ್ಕದಲ್ಲಿ 'ಆಗಿತ್ತೆಂದು ಹೇಳಲಾಗಿದೆ' ಎಂಬ ಗ್ರಂಥರೂಪವನ್ನು ಬರೆದು ತೋರಿಸಿರಿ. ತಾನೇ ಹೊಸ ಕಾರಣವೊಂದನ್ನು ಊಹಿಸಿ 'ಇದ್ದೀತು' ಎಂದು ಮುಗಿಸಿದ ವಿದ್ಯಾರ್ಥಿಗೆ, ಆ ಕಾರಣ ಸರಿಯಲ್ಲವೆಂದು ನಿಮಗೆ ತಿಳಿದಿದ್ದರೂ, ಪೂರ್ಣ ಅಂಕ ಸಲ್ಲಬೇಕು; ಅದೇ ಕಾರಣವನ್ನು 'ಇತ್ತು' ಎಂದು ಬರೆದವನ ಎರಡು ಅಂಕ ಕಳೆಯಿರಿ, ಏಕೆಂದು ಅಂಚಿನಲ್ಲಿ ಬರೆಯಿರಿ.